ಕತ್ತರಿ ಹಿಡಿದರೆ ಕೈ ನಡುಗುತ್ತದೆ

ಅಕ್ಕಾ,
ನನಗೀಗ 52 ವರ್ಷ. ಮಗಳ ಮದುವೆಯಾಗಿ, ಮಗ ಬೆಂಗಳೂರು ಸೇರಿದ ಮೇಲೆ ಮಧ್ಯಾಹ್ನದ ಹೊತ್ತು ಕಳೆಯುವುದೇ ಕಷ್ಟವಾಗಿತ್ತು. ನಮ್ಮ ಬೀದಿಯಲ್ಲೇ ಒಬ್ಬ ಹುಡುಗಿ ತನ್ನ ಮನೆಯ ಮಹಡಿಯಲ್ಲಿ ಹೊಲಿಗೆ ಸ್ಟುಡಿಯೋ ಮಾಡಿಕೊಂಡು ಕ್ಲಾಸು ನಡೆಸುತ್ತಾಳೆ. ಮೂರು ತಿಂಗಳ ಫೀಸು ಒಟ್ಟಿಗೇ ಕಟ್ಟಿ ಸೇರಿದೆ. ಕಲಿಯುವವರು ಐದು ಜನ, ಉಳಿದ ನಾಲ್ವರೂ ನನ್ನ ಮಗಳಿಗಿಂತ ಚಿಕ್ಕವರು. ಎರಡನೇ ವಾರಕ್ಕೇ ಬ್ಲೌಸ್ ಕಟಿಂಗ್ ಶುರುವಾಯಿತು. ತಂಗಿಯ ಮಗಳ ಮದುವೆಗೆಂದು ತೆಗೆದ ರೇಷ್ಮೆ ಸೀರೆಯ ಬ್ಲೌಸ್ ಪೀಸನ್ನೇ ಹುಮ್ಮಸ್ಸಿನಲ್ಲಿ ಕತ್ತರಿಸಿಬಿಟ್ಟೆ. ಕಂಕುಳ ಹತ್ತಿರ ಎರಡು ಇಂಚು ಹೆಚ್ಚಿಗೆ ಹೋಯಿತು. ಮನೆಯವರು ನಕ್ಕು, ‘ಟೈಲರಿಗೆ ಕೊಟ್ಟಿದ್ದರೆ ನಾನೂರು ರೂಪಾಯಿಗೆ ಮುಗೀತಿತ್ತು’ ಅಂದರು. ಅಂದಿನಿಂದ ಕತ್ತರಿ ಹಿಡಿದರೆ ಕೈ ನಡುಗುತ್ತದೆ. ಕ್ಲಾಸು ಬಿಟ್ಟು ಮೂರು ವಾರವಾಯಿತು. ಮನೆಯಲ್ಲಿ ಹೇಳಿಲ್ಲ. ಮೂರು ಗಂಟೆಗೆ ಬ್ಯಾಗು ಹಿಡಿದು ಹೊರಟು, ಪಾರ್ಕಿನಲ್ಲಿ ಕೂತು, ಐದಕ್ಕೆ ವಾಪಸು ಬರುತ್ತೇನೆ. ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ? ರಾಣೆಬೆನ್ನೂರಿನ ಹತ್ತಿರ ನನ್ನ ತವರು. ನಮ್ಮವ್ವ ಮಷೀನು ಮುಟ್ಟಿದವಳಲ್ಲ, ಆದರೂ ಮನೆ ತುಂಬ ಕೌದಿ ಹೊಲಿದಿಟ್ಟು ಹೋದಳು. ಅವಳ ಮಗಳ ಕೈಯಲ್ಲಿ ಒಂದು ಬ್ಲೌಸ್ ಆಗಲಿಲ್ಲ. ಅತ್ತೆಯ ಕಾಲದ ಕಾಲುಮಷೀನು ಮೂಲೆಯಲ್ಲಿದೆ. ಅದನ್ನು ಮಾರಿಬಿಡಲೇ, ಇಲ್ಲಾ ಮೋಟಾರು ಹಾಕಿಸಿ ಇನ್ನೊಮ್ಮೆ ನೋಡಲೇ?
ಹೆಸರು ಬೇಡ, ದಾವಣಗೆರೆ

ಪಾರ್ಕಿನ ವಿಷಯ ಮೊದಲು. ಕ್ಲಾಸಿಗೆ ಚಕ್ಕರ್ ಹೊಡೆಯುವವರ ಬಗ್ಗೆ ನನಗೆ ಕಾಗದಗಳು ಬರುತ್ತಲೇ ಇರುತ್ತವೆ, ಬರೆಯುವವರು ಅವರ ಅಮ್ಮಂದಿರು. ಚಕ್ಕರ್ ಹೊಡೆದವರೇ ಬರೆದದ್ದು, ಅದೂ ಮಗಳ ಮದುವೆ ಮಾಡಿದ ಗೃಹಿಣಿ ಬರೆದದ್ದು, ಇದೇ ಮೊದಲು. ಓದಿ ನಗು ಬಂತು. ಆಮೇಲೆ ಕಲ್ಲುಬೆಂಚಿನ ಮೇಲೆ, ಬ್ಯಾಗನ್ನು ತೊಡೆಯಲ್ಲಿಟ್ಟುಕೊಂಡು, ಐದು ಗಂಟೆ ಆಗುವುದನ್ನೇ ಕಾಯುತ್ತ ಕೂತ ನೀವು ಕಣ್ಣಿಗೆ ಕಟ್ಟಿದಿರಿ. ನಗು ಅಲ್ಲಿಗೇ ನಿಂತಿತು. ಯಾರಿಗೂ ಕೆಡುಕಾಗದ ಸುಳ್ಳು, ಅದನ್ನು ದೊಡ್ಡ ಪಾಪವೆಂದು ನಾನು ಹೇಳುವುದಿಲ್ಲ. ಆದರೆ ದಿನಾ ಎರಡು ಗಂಟೆ ಹೊಲಿಯುವುದಕ್ಕಿಂತ ದಿನಾ ಎರಡು ಗಂಟೆ ಅಡಗಿ ಕೂರುವುದೇ ಹೆಚ್ಚು ದಣಿವು. ಅದರ ದಾರಿ ಆಮೇಲೆ ನೋಡೋಣ. ಮೊದಲು ಆ ಬ್ಲೌಸು.

ನೀವು ಅ ಆ ಇ ಈ ತಿದ್ದುವ ಮೊದಲೇ ಲಗ್ನಪತ್ರಿಕೆ ಬರೆಯಲು ಕೂತಿರಿ, ಅಷ್ಟೇ ಆದದ್ದು. ಬ್ಲೌಸು ಚಿಕ್ಕದು, ಹಾಗಾಗಿ ಸುಲಭ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ತುಂಡುಗಳನ್ನು ಎಣಿಸಿ ನೋಡಿ: ಬೆನ್ನು, ಎರಡು ಮುಂಭಾಗ, ಎರಡು ತೋಳು, ಸೊಂಟದ ಪಟ್ಟಿ, ಹುಕ್ಕಿನ ಪಟ್ಟಿ, ಕೊರಳಿಗೆ ಕ್ರಾಸ್ ಪೀಸು. ರೇಷ್ಮೆಯಾದರೆ ಇದರಲ್ಲಿ ಮುಕ್ಕಾಲು ಪಾಲಿಗೆ ಲೈನಿಂಗ್ ಬೇರೆ. ಮುಂಭಾಗಕ್ಕೆ ಒಂದೊಂದು ಕಡೆ ಮೂರೋ ನಾಲ್ಕೋ ಟಕ್ಸ್. ಕಟೋರಿ ಬೇಕೆಂದರೆ ಲೆಕ್ಕ ಇನ್ನೂ ಏರುತ್ತದೆ. ಕುರ್ತಾದಲ್ಲಿ ಅರ್ಧ ಇಂಚು ಹೆಚ್ಚುಕಮ್ಮಿಯಾದರೆ ತೊಟ್ಟವರಿಗೂ ತಿಳಿಯುವುದಿಲ್ಲ. ಬ್ಲೌಸಿನ ಕಂಕುಳಲ್ಲಿ ಅರ್ಧ ಇಂಚು ತಪ್ಪಿದರೆ ಮದುವೆಮನೆಯಲ್ಲಿ ಅಕ್ಷತೆ ಹಾಕಲು ಕೈ ಎತ್ತಿದಾಗ ಗೊತ್ತಾಗುತ್ತದೆ. ಇಪ್ಪತ್ತು ವರ್ಷ ಹೊಲಿದ ಟೈಲರೂ ಹೊಸ ಗಿರಾಕಿಯ ಮೊದಲ ಬ್ಲೌಸನ್ನು ಒಮ್ಮೆ ಆಲ್ಟರ್ ಮಾಡಿಕೊಡುವುದು ಅದಕ್ಕೇ.

ಹಾಗಾದರೆ ಕ್ಲಾಸಿನಲ್ಲಿ ಎರಡನೇ ವಾರಕ್ಕೇ ಅದನ್ನೇಕೆ ಹಿಡಿಸಿದರು? ಆ ಹುಡುಗಿಯದು ತಪ್ಪೆನ್ನಲಾರೆ. ಉಳಿದ ನಾಲ್ವರು ಬಂದಿರುವುದು ಬಹುಶಃ ನಾಲ್ಕು ಕಾಸು ದುಡಿಯಲು, ನಮ್ಮ ಊರುಗಳಲ್ಲಿ ಮನೆಯಲ್ಲಿ ಕೂತು ಹೊಲಿಯುವವರಿಗೆ ದುಡ್ಡು ಬರುವುದು ಬ್ಲೌಸಿನಿಂದ, ಫಾಲು ಪಿಕೋದಿಂದ. ಅವರ ಅವಸರ ಅವರಿಗೆ ಸರಿ. ನಿಮಗೆ ಆ ಅವಸರವಿಲ್ಲ ಎಂಬುದನ್ನು ನೀವು ಆಕೆಗೆ ಹೇಳಿದಂತಿಲ್ಲ.

ನನ್ನ ಕಥೆಯನ್ನೂ ಕೇಳಿ. ಹೊಸದಾಗಿ ಮಷೀನು ಬಂದಾಗ ನಮ್ಮ ಯಜಮಾನರಿಗೆ ಪಾಯಿಜಾಮ ಹೊಲಿಯಲು ಹೊರಟೆ. ಒಂದು ಕಾಲು ಕತ್ತರಿಸಿದೆ, ಅದನ್ನೇ ಬಟ್ಟೆಯ ಮೇಲಿಟ್ಟು ಇನ್ನೊಂದನ್ನೂ ಕತ್ತರಿಸಿದೆ. ಹಿಂದುಮುಂದು ಇದ್ದ ಪ್ರಿಂಟಿನ ಬಟ್ಟೆ. ಜೋಡಿಸುವಾಗ ನೋಡಿದರೆ ಎರಡೂ ಎಡಗಾಲು. ಬಟ್ಟೆಯನ್ನು ಒಳಮುಖ ಹೊರಗೆ ಬರುವಂತೆ ಮಡಚಿ ಎರಡು ಪದರವನ್ನೂ ಒಟ್ಟಿಗೆ ಕತ್ತರಿಸಿದರೆ ಎಡವೂ ಬಲವೂ ತಾವಾಗಿ ಸಿಗುತ್ತವೆ ಎನ್ನುವುದು ಆಮೇಲೆ ಹೊಳೆಯಿತು. ಆ ಎರಡು ಎಡಗಾಲು ನಮ್ಮ ಮನೆಯಲ್ಲಿ ಬಹಳ ವರ್ಷ ಫ್ಯಾನು ಒರೆಸಿದವು.

ಈಗ ಕೈನಡುಕಕ್ಕೆ ಬರುತ್ತೇನೆ. ಮೂವತ್ತು ವರ್ಷ ಈಳಿಗೆಮಣೆಯ ಮುಂದೆ ಕೂತ ಕೈ ಕತ್ತರಿಗೆ ಹೆದರುತ್ತದೆಯೇ? ನೀವು ಹೆದರಿರುವುದು ಹಾಳುಮಾಡುವುದಕ್ಕೆ. ಅನ್ನ ಮಿಕ್ಕರೆ ಚಿತ್ರಾನ್ನ, ಹಾಲು ಒಡೆದರೆ ಸಿಹಿ, ಸೀರೆ ಹರಿದರೆ ಕೈವಸ್ತ್ರ ಎಂದು ನಡೆದ ಮನೆಯವರು ನೀವು. ಒಮ್ಮೆ ಕತ್ತರಿಸಿದ್ದನ್ನು ಮತ್ತೆ ಕೂಡಿಸಲಾಗದು ಅನ್ನುವುದು ಅಂಥ ಕೈಗೆ ಸಹಿಸದು. ಹಾಗಾಗಿ ಧೈರ್ಯ ತಂದುಕೊಳ್ಳಿ ಎಂದು ನಾನು ಉಪದೇಶ ಮಾಡುವುದಿಲ್ಲ. ಹಾಳುಮಾಡಲು ಸಾಧ್ಯವೇ ಇಲ್ಲದ ಬಟ್ಟೆಯಿಂದ ಶುರುಮಾಡಿ ಅನ್ನುತ್ತೇನೆ. ಆ ಬಟ್ಟೆ ಯಾವುದೆಂದು ನಿಮ್ಮ ಕಾಗದದ ಕೊನೆಯಲ್ಲಿ, ಊಟ ಮುಗಿದ ಮೇಲೆ ಎಲೆಅಡಿಕೆ ಕೊಟ್ಟ ಹಾಗೆ, ನೀವೇ ಹೇಳಿದ್ದೀರಿ.

ನಿಮ್ಮವ್ವನ ಕೌದಿಗಳಲ್ಲಿ ಒಂದನ್ನು ಇವತ್ತು ಪೆಟ್ಟಿಗೆಯಿಂದ ತೆಗೆದು ಬೆಳಕಿಗೆ ಹಿಡಿದು ನೋಡಿ. ಮಮತೆ ಪಕ್ಕಕ್ಕಿರಲಿ, ಕಲಿಯುವವಳ ಕಣ್ಣಿನಿಂದ ನೋಡಿ. ಮೂರೋ ನಾಲ್ಕೋ ಪದರ ಹಳೆ ಸೀರೆ ಒಳಗಿರುತ್ತದೆ, ಎಲ್ಲವೂ ಒಗೆದೊಗೆದು ಮೆತ್ತಗಾದದ್ದು. ಮೇಲಿನ ತುಂಡುಗಳಲ್ಲಿ ಒಂದರ ಅಳತೆ ಇನ್ನೊಂದಕ್ಕಿಲ್ಲ. ಹರಿದಲ್ಲಿ ತೇಪೆ, ತೇಪೆಯೇ ಚಿತ್ತಾರ. ಉದ್ದಕ್ಕೂ ಸೂಜಿ ಮುಳುಗಿ ಎದ್ದು, ಮುಳುಗಿ ಎದ್ದು ಹೋದ ರನ್ನಿಂಗ್ ಹೊಲಿಗೆಯ ಸಾಲು, ಸಾಲಿಗೂ ಸಾಲಿಗೂ ಸುಮಾರು ಒಂದು ಬೆರಳಿನ ಅಂತರ. ಅಳೆದು ನೋಡಿದರೆ ಒಂದು ಸಾಲೂ ನೆಟ್ಟಗಿರುವುದಿಲ್ಲ. ದೂರದಿಂದ ನೋಡಿದರೆ ಉತ್ತ ಹೊಲದ ಹಾಗೆ ಕಾಣುತ್ತದೆ. ಇದು ಟೇಪು ಹಿಡಿದು ಆದ ಕೆಲಸವಲ್ಲ. ಏನನ್ನೂ ಎಸೆಯಲಾರದ ಹೆಂಗಸರು ಕಟ್ಟಿದ ವಿದ್ಯೆ. ಇದರಲ್ಲಿ ತಪ್ಪಿ ಹೆಚ್ಚಿಗೆ ಕತ್ತರಿಸಿದ ತುಂಡಿಗೂ ಒಂದು ಜಾಗವಿದೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರೂ ಇಂಥದ್ದನ್ನೇ ಹೊಲಿಯುತ್ತಾರೆ, ಅದಕ್ಕೆ ಕವಂದಿ ಅನ್ನುತ್ತಾರೆ. ಒಂದು ಮೂಲೆಯಿಂದ ಹೊರಟು ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುವುದು ಅವರ ಕ್ರಮ. ನಾಲ್ಕು ಮೂಲೆಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ ಇಟ್ಟ ಹೂವು ಬೇಕು. ಅದಿಲ್ಲದಿದ್ದರೆ ಕವಂದಿ ಮುಗಿದಂತಲ್ಲ. ಈ ಮೂಲೆಹೂವನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ನೀವು ದೊಡ್ಡ ಕೌದಿಗೆ ಕೈಹಾಕಬೇಡಿ. 36 ಇಂಚು ಚೌಕದ್ದು ಸಾಕು, ನಿಮ್ಮ ಕುರ್ಚಿಯ ಮೇಲೆ ಹಾಸಲು. (ಕೂಸಿನ ಅಳತೆಯೂ ಇದೇ. ಆದರೆ ‘ಮಗಳಿಗೆ’ ಎಂದು ಬಾಯಿಬಿಡಬೇಡಿ, ಮದುವೆಯಾದ ಹುಡುಗಿಗೆ ತಾಯಿ ಕೂಸಿನ ಕೌದಿ ತೋರಿಸಿದರೆ ಏನರ್ಥವಾಗುತ್ತದೆ ಗೊತ್ತಲ್ಲ.) ಹಳೆಯ ಹತ್ತಿ ಸೀರೆ, ದಪ್ಪ ಹತ್ತಿ ದಾರ, ಒಂದು ಉದ್ದ ಸೂಜಿ. ಪದರಗಳು ಜರುಗದಂತೆ ಮೊದಲು ಅಲ್ಲಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಆಮೇಲೆ ಅಂಚಿನಿಂದ ಶುರು. ಪಾಲಿಯೆಸ್ಟರ್ ಸೀರೆ ಬೇಡ, ಅದು ಜಾರುತ್ತದೆ, ಸೂಜಿಗೂ ಬಿಗಿ, ಮೈಗೂ ಹಿತವಲ್ಲ.

ಕೈಹೊಲಿಗೆ ಇರಲಿ, ಮಷೀನೇಕೆ ಅಂದುಕೊಳ್ಳಬೇಡಿ. ಯಂತ್ರವೆಂದರೆ ಮುಖ ತಿರುಗಿಸುತ್ತಿದ್ದ ಗಾಂಧೀಜಿಯೂ 1924ರಲ್ಲಿ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಹೊಲಿದು ಹೊಲಿದು ಸೋಲುವುದನ್ನು ನೋಡಲಾರದೆ, ಪ್ರೀತಿಯಿಂದ, ಸಿಂಗರ್ ಎಂಬಾತ ಅದನ್ನು ಮಾಡಿದ ಎಂದು ಅವರು ನಂಬಿದ್ದರು. ಚಂದದ ಕಥೆ. ನಿಜವಾಗಿ ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದದ್ದು ಚೊಕ್ಕ ವ್ಯಾಪಾರಕ್ಕೆ, ಆ ಮಹರಾಯನಿಗೆ ಹಲವು ಹೆಂಗಸರಲ್ಲಿ ಇಪ್ಪತ್ತನಾಲ್ಕು ಮಕ್ಕಳು. ಅದಕ್ಕೂ ಮೊದಲು, 1846ರಲ್ಲಿ, ದಾರದ ಕಣ್ಣನ್ನು ಸೂಜಿಯ ಮೊನೆಯ ಹತ್ತಿರ ಇಟ್ಟು ಪೇಟೆಂಟ್ ಪಡೆದವನು ಇಲಿಯಾಸ್ ಹೋವ್. ಕೈಸೂಜಿಗೆ ಕಣ್ಣು ಬಾಲದಲ್ಲಿ, ಮಷೀನಿನ ಸೂಜಿಗೆ ಕಣ್ಣು ಮೂತಿಯಲ್ಲಿ. ಮೇಲಿನ ದಾರವನ್ನು ಬಟ್ಟೆಯ ಕೆಳಗಿಳಿಸಿ, ಅಲ್ಲಿ ಬಾಬಿನ್ನಿನ ದಾರಕ್ಕೆ ಕೊಕ್ಕೆ ಹಾಕಿಸಿ ಬರಲು ಇದೇ ದಾರಿ.

ಇದನ್ನು ಹೇಳಿದ್ದು ಸುಮ್ಮನಲ್ಲ. ಮಷೀನು ಕೈಕೊಡುವುದು ಹೆಚ್ಚಾಗಿ ಈ ಎರಡು ದಾರಗಳ ಜಗಳದಿಂದ. ಬಟ್ಟೆಯ ಕೆಳಗೆ ದಾರ ಗೂಡುಕಟ್ಟಿತೆಂದರೆ ಎಲ್ಲರೂ ಬಾಬಿನ್ನನ್ನು ಬೈಯುತ್ತಾರೆ. ಬಹಳ ಸಲ ತಪ್ಪು ಮೇಲಿನ ದಾರದ್ದು. ಮೇಲಿನ ದಾರ ಪೋಣಿಸುವಾಗ ಒತ್ತುಪಾದವನ್ನು ಎತ್ತಿರಬೇಕು, ಆಗ ಮಾತ್ರ ಬಿಗಿ ಹಿಡಿಯುವ ಬಿಲ್ಲೆಗಳು ಬಾಯಿ ತೆರೆದು ದಾರವನ್ನು ಒಳಗೆ ಬಿಡುತ್ತವೆ. ಪಾದ ಇಳಿಸಿ ಪೋಣಿಸಿದರೆ ದಾರ ಬಿಲ್ಲೆಗಳ ಹೊರಗೇ ಉಳಿದು ಕೆಳಗೆ ರಾಶಿ ಬೀಳುತ್ತದೆ. ಹೊಲಿಗೆ ಅಲ್ಲಲ್ಲಿ ಹಾರಿದರೆ ಸೂಜಿ ಮೊಂಡಾಗಿದೆ, ಇಲ್ಲವೇ ಹಿಂದುಮುಂದಾಗಿ ಕೂತಿದೆ. ಮಾಮೂಲಿ ಹತ್ತಿ ಬಟ್ಟೆಗೆ 14ನೇ ನಂಬರಿನ ಸೂಜಿ, ತೆಳು ರೇಷ್ಮೆಗೆ 11, ಜೀನ್ಸ್ ಚೀಲಕ್ಕೆ 16. ಸೂಜಿ ಅಗ್ಗ, ಮುರಿಯುವವರೆಗೂ ಕಾಯದೆ ಬದಲಿಸಿ. ಇಷ್ಟು ಗೊತ್ತಿದ್ದರೆ ‘ನನಗೆ ಬರುವುದಿಲ್ಲ’ ಎಂದು ಅತ್ತ ದಿನಗಳಲ್ಲಿ ಅರ್ಧ ಕಡಿಮೆಯಾಗುತ್ತವೆ.

ಅತ್ತೆಯ ಮಷೀನನ್ನು ಮಾರಬೇಡಿ. ಕಪ್ಪಗೆ ಭಾರವಾಗಿರುವ ಆ ಹಳೆಯ ಕಾಲುಮಷೀನುಗಳಿಗೆ ಎಣ್ಣೆ ಬಿಟ್ಟು, ಸವೆದ ಬೆಲ್ಟು ಬದಲಿಸಿದರೆ ಸಾಮಾನ್ಯವಾಗಿ ಎದ್ದು ಕೂರುತ್ತವೆ. ಮಷೀನ್ ಎಣ್ಣೆಯೇ ಆಗಲಿ, ಅಡುಗೆಯದಾಗಲಿ ತಲೆಯದಾಗಲಿ ಬೇಡ, ಅಂಟಾಗಿ ಗಟ್ಟಿಯಾಗುತ್ತದೆ. ಮಷೀನನ್ನು ಕಿಟಕಿಯ ಬೆಳಕು ಎಡದಿಂದ ಬೀಳುವಂತೆ ಇಡಿ, ಸೂಜಿ ಇರುವುದು ಎಡಕ್ಕೆ. ಪಕ್ಕದಲ್ಲಿ ಇಸ್ತ್ರಿ ಪೆಟ್ಟಿಗೆ ಇರಲಿ. ಹೊಲಿದ ಪ್ರತಿ ಗೆರೆಯನ್ನೂ ಅಲ್ಲಲ್ಲೇ ಇಸ್ತ್ರಿ ಮಾಡಿ ಮುಂದೆ ಹೋಗುವುದು ಅಂಗಡಿ ಹೊಲಿಗೆಗೂ ಮನೆ ಹೊಲಿಗೆಗೂ ಇರುವ ದೊಡ್ಡ ವ್ಯತ್ಯಾಸ. ಕತ್ತರಿಸಲು ಮೇಜೇ ಬೇಕೆಂದಿಲ್ಲ, ಒರೆಸಿದ ನೆಲ ಸಾಕು. ಬಟ್ಟೆಯ ಕತ್ತರಿಯಿಂದ ಹಾಲಿನ ಪ್ಯಾಕೆಟ್ಟು ಕತ್ತರಿಸುವವರು ಮನೆಯಲ್ಲಿದ್ದರೆ ಅದನ್ನು ಬಚ್ಚಿಡಿ. ಸ್ಟುಡಿಯೋ ಎಂದರೆ ಇಷ್ಟೇ.

ಮೊದಲ ವಾರ ದಾರವೇ ಬೇಡ. ಹಳೆಯ ಸೂಜಿ ಹಾಕಿ, ಮಗನ ಹಳೆ ನೋಟ್‌ಪುಸ್ತಕದ ಗೆರೆ ಹಾಳೆಯ ಮೇಲೆ ಗೆರೆ ಹಿಡಿದು ತುಳಿಯಿರಿ. ಚಕ್ರ ಹಿಂದಕ್ಕೆ ತಿರುಗದಂತೆ ಕಾಲು ಕಲಿಯಬೇಕು, ಅದು ಸೈಕಲ್ ಕಲಿತ ಹಾಗೆ ಒಂದು ದಿನ ತಾನೇ ಬರುತ್ತದೆ. ಎರಡನೇ ವಾರ ತಲೆದಿಂಬಿನ ಚೀಲ. 17 ಇಂಚು ಅಗಲ, 27 ಇಂಚು ಉದ್ದದ ದಿಂಬಿಗೆ 18 ಇಂಚು ಅಗಲ, 63 ಇಂಚು ಉದ್ದದ ಒಂದೇ ತುಂಡು. ಎರಡು ತುದಿಗೂ ಮಡಿಕೆ ಹೊಲಿದು, 7 ಇಂಚಿನ ನಾಲಿಗೆ ಒಳಕ್ಕೆ ಬರುವಂತೆ ಮಡಚಿ, ಎರಡು ಪಕ್ಕ ಹೊಲಿದು ಮಗುಚಿದರೆ ಆಯಿತು. ಗುಂಡಿಯಿಲ್ಲ, ಜಿಪ್ಪಿಲ್ಲ. ಐದೂವರೆ ಮೀಟರಿನ ಹಳೆ ಸೀರೆಯಲ್ಲಿ ಲೆಕ್ಕಕ್ಕೆ ಆರು ಸಿಗಬೇಕು, ಸವೆದ ಜಾಗ ಬಿಟ್ಟರೂ ನಾಲ್ಕಕ್ಕೆ ಮೋಸವಿಲ್ಲ. ದಿಂಬಿಗೆ ಕಂಕುಳಿಲ್ಲ ಎಂಬುದನ್ನು ಗಮನಿಸಿ.

ಆಮೇಲೆ ಹಳೆ ಪರದೆಯಲ್ಲಿ ಸಂತೆಚೀಲ. ಅದಕ್ಕೆ ಫ್ರೆಂಚ್ ಸೀಮ್ ಕಲಿಯಿರಿ: ಮೊದಲು ಬಟ್ಟೆಯ ಹೊರಮುಖ ಹೊರಗೇ ಇರಿಸಿ ಕಾಲಿಂಚಿನಲ್ಲಿ ಒಂದು ಹೊಲಿಗೆ, ಮಗುಚಿ ಒಳಗಿನಿಂದ ಅದನ್ನು ಮುಚ್ಚುವಂತೆ ಇನ್ನೊಂದು. ನೂಲಿನ ತುದಿಗಳು ಒಳಗೆ ಸಿಕ್ಕಿಕೊಂಡು ಓವರ್‌ಲಾಕ್ ಇಲ್ಲದೆಯೇ ಅಂಚು ಚೊಕ್ಕವಾಗುತ್ತದೆ, ಆಲೂಗಡ್ಡೆಯ ಭಾರಕ್ಕೆ ಬಿಚ್ಚುವುದೂ ಇಲ್ಲ. ಅದಾದ ಮೇಲೆ ಸೀರೆಯ ಒಳಲಂಗ. ಹೊಸ ಬಟ್ಟೆ ಕೊಳ್ಳುವ ಸರದಿ ಇದೇ ಮೊದಲು, ಆದ್ದರಿಂದ ಎರಡು ಮಾತು. ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲೇ ನೀರಿಗೆ ಹಾಕಿ ಒಣಗಿಸಿ, ಮೀಟರಿಗೆ ಮೂರು ನಾಲ್ಕು ಸೆಂಟಿಮೀಟರ್ ಕುಗ್ಗುವುದು ಅಪರೂಪವಲ್ಲ. ಇನ್ನೊಂದು, ಹಾಸುಹೊಕ್ಕು. ಮಾತಿನಲ್ಲಿ ದಿನಾ ಬಳಸುವ ಇದನ್ನು ಬಟ್ಟೆಯಲ್ಲಿ ಕೈಯಿಂದ ಎಳೆದು ನೋಡಿ. ಹಾಸಿನ ನೂಲಿನ ಉದ್ದಕ್ಕೆ ಎಳೆದರೆ ಜಗ್ಗುವುದಿಲ್ಲ, ಹೊಕ್ಕಿನ ಕಡೆಗೆ ತುಸು ಸಡಿಲ, ಮೂಲೆಯಿಂದ ಮೂಲೆಗೆ ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ. ಕೊರಳಪಟ್ಟಿಗೆ ಕ್ರಾಸ್ ಪೀಸು ಕತ್ತರಿಸುವುದು ಈ ಹಿಗ್ಗಿಗಾಗಿ. ಲಂಗವನ್ನು ಹಾಸಿನ ಉದ್ದಕ್ಕೆ ಕತ್ತರಿಸದಿದ್ದರೆ ನಾಲ್ಕು ಒಗೆತಕ್ಕೆ ಒಂದು ಕಡೆ ಜೋತುಬೀಳುತ್ತದೆ.

ಬಿಚ್ಚುವುದನ್ನೂ ಕಲಿಯಿರಿ. ಹೊಲಿಗೆ ಬಿಚ್ಚುವ ಕವಲುಮೊನೆಯ ಚಿಕ್ಕ ಸಾಧನ ದಾರ ಗುಂಡಿ ಮಾರುವ ಅಂಗಡಿಯಲ್ಲೇ ಸಿಗುತ್ತದೆ. ಕಲಿಯುವಾಗ ಹೊಲಿಗೆಯ ಉದ್ದವನ್ನು ದೊಡ್ಡದಾಗಿ ಇಟ್ಟುಕೊಂಡರೆ ಬಿಚ್ಚುವುದು ಹಗುರ. ಕತ್ತರಿಸಿದ್ದು ಕೂಡದಿರಬಹುದು, ಹೊಲಿದದ್ದೆಲ್ಲ ಬಿಚ್ಚುತ್ತದೆ. ನಿಮ್ಮಂಥವರಿಗೆ ಇದು ಸಣ್ಣ ಸಮಾಧಾನವಲ್ಲ.

ನೀವು ಬರೆಯದ ಒಂದು ವಿಷಯ ಕೇಳಲೇ? ಕನ್ನಡಕ ಇದೆಯೇ, ಇದ್ದರೆ ಹೊಲಿಯುವಾಗ ಹಾಕುತ್ತೀರೇ? ಚಾಳೀಸು ಬಂದ ಕಣ್ಣಿಗೆ ಸೂಜಿಯ ಕಣ್ಣು ಕಾಣುವುದಿಲ್ಲ. ಪಕ್ಕದ ಹುಡುಗಿ ಒಂದೇ ಸಲಕ್ಕೆ ದಾರ ಪೋಣಿಸುವಾಗ ನಮಗೆ ಐದು ಸಲ ಬೇಕಾದರೆ ‘ಇವರೆಲ್ಲ ಚುರುಕು, ನಾನು ದಡ್ಡಿ’ ಅನ್ನಿಸುತ್ತದೆ. ಸೀಮೆಸುಣ್ಣದ ಎರಡು ಗೆರೆ ಒಂದಾಗಿ ಕಂಡು ಕತ್ತರಿ ಒಳಗಿನ ಗೆರೆ ಹಿಡಿದು ಹೋಗಿರಲೂ ಸಾಕು. ಒಮ್ಮೆ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಸೂಜಿಯ ಹಿಂದೆ ಬಿಳಿ ಕಾಗದದ ಚೂರು ಹಿಡಿದು ಪೋಣಿಸಿ ನೋಡಿ. ಕಸೂತಿ ಕಲಿಯುವ ಆಸೆ ಇದ್ದರಂತೂ ಕನ್ನಡಕ ಇಲ್ಲದೆ ಆಗದು. ಅದರ ಗವಂತಿ, ಮುರಗಿ ಹೊಲಿಗೆ ಹಾಕಲು ಬಟ್ಟೆಯ ಎಳೆ ಎಣಿಸಬೇಕು, ಗಂಟು ಹಾಕುವಂತಿಲ್ಲ, ಹಿಂದೂ ಮುಂದೂ ಒಂದೇ ಸಮ ಕಾಣಬೇಕು. ಅದು ಮುಂದಿನ ವರ್ಷದ ಮಾತು.

ಯಜಮಾನರ ನಾನೂರು ರೂಪಾಯಿ ಲೆಕ್ಕಕ್ಕೆ ಎದುರು ವಾದಿಸಬೇಡಿ, ಲೆಕ್ಕ ಅವರದೇ ಸರಿ. ದಾರ, ಲೈನಿಂಗ್, ಫೀಸು, ನಿಮ್ಮ ಹೊತ್ತು ಎಲ್ಲ ಕೂಡಿಸಿದರೆ ಮನೆಯ ಬ್ಲೌಸು ಅಗ್ಗವಲ್ಲ. ಅವರು ಸಂಜೆ ಕ್ರಿಕೆಟ್ ನೋಡುವುದಕ್ಕೆ ನೀವು ಲೆಕ್ಕ ಕೇಳಿದ್ದೀರಾ? ಕೇಳಬೇಡಿ. ಅದರ ಬದಲು ಮಷೀನಿನ ಬೆಲ್ಟು ತರುವ, ಎಣ್ಣೆ ಬಿಡುವ ಕೆಲಸವನ್ನು ಅವರಿಗೆ ಒಪ್ಪಿಸಿ. ತಾವೇ ರಿಪೇರಿ ಮಾಡಿದ ಯಂತ್ರವನ್ನು ಗಂಡಸರು ನಗೆಯಾಡುವುದು ನಾನು ನೋಡಿಲ್ಲ. ಆ ಹೊತ್ತಿನಲ್ಲೇ ಪಾರ್ಕಿನ ಸಂಗತಿಯನ್ನೂ ಹೇಳಿ ಮುಗಿಸಿ, ‘ಮೂರು ವಾರ ಹೋಗಲಿಲ್ಲ, ನೀವು ನಕ್ಕಿದ್ದು ಬೇಜಾರಾಗಿತ್ತು’ ಅಂತ, ಇಷ್ಟೇ ಉದ್ದ.

ಅದಕ್ಕೂ ಮೊದಲು ಟೀಚರಮ್ಮನ ಬಳಿ ಹೋಗಿ. ನಾಲ್ವರು ಇಲ್ಲದ ಹೊತ್ತಿಗೆ, ಬೆಳಿಗ್ಗೆ ಹೋಗಿ. ‘ನನಗೆ ಬ್ಲೌಸು ಈಗ ಬೇಡಮ್ಮ, ಇದೇ ಫೀಸಿನಲ್ಲಿ ದಿಂಬು, ಚೀಲ, ಲಂಗ ಕಲಿಸು’ ಅನ್ನಿ. ಮನೆಯ ಮಹಡಿಯ ಕ್ಲಾಸಿನ ಅನುಕೂಲವೇ ಇದು, ಸಿಲೆಬಸ್ಸು ಯಾರೂ ಅಚ್ಚು ಹಾಕಿಸಿಲ್ಲ. ಮತ್ತೆ ಕ್ಲಾಸಿಗೆ ಹೋಗುವಾಗ ಅವ್ವನ ಕೌದಿಯನ್ನೂ ಒಯ್ಯಿರಿ. ಆ ಹುಡುಗಿಯರಿಗೆ ಅದನ್ನು ಹೊಲಿಯಲು ಬರುವುದಿಲ್ಲ ಎಂದು ನನ್ನ ಊಹೆ.

ಹಾಳಾದ ರೇಷ್ಮೆ ಪೀಸನ್ನು ಎಸೆದಿಲ್ಲ ತಾನೇ? ಸೀರೆಯನ್ನು ಮ್ಯಾಚಿಂಗ್ ಸೆಂಟರಿಗೆ ಒಯ್ದು ಅದೇ ಬಣ್ಣದ ಬಟ್ಟೆ ತೆಗೆಯಿರಿ, ಹಳೆ ಪೀಸಿನ ಜರಿಯಂಚನ್ನು ಬಿಡಿಸಿ ಹೊಸ ತೋಳಿಗೆ ಕೂರಿಸುವಂತೆ ಟೈಲರಿಗೆ ಹೇಳಿ. ಮದುವೆಗೆ ಅದನ್ನು ತೊಟ್ಟು ಹೋಗಿ, ಅಲ್ಲಿ ಯಾರಿಗೂ ತಿಳಿಯದು. ಉಳಿದ ರೇಷ್ಮೆಯಲ್ಲಿ ನಾಲ್ಕು ಚೌಕ ಕತ್ತರಿಸಿ, ಅವನ್ನು ಮುಕ್ಕೋನವಾಗಿ ಮಡಚಿದರೆ ನಿಮ್ಮ ಚಿಕ್ಕ ಕೌದಿಯ ನಾಲ್ಕು ಮೂಲೆಗೆ ಹೂವಾಯಿತು. ಈ ನಾಲ್ಕು ಚೌಕವನ್ನು ಮಾತ್ರ ನೀವೇ ಕತ್ತರಿಸಬೇಕು.

ಮೋಟಾರು ಈಗ ಬೇಡ. ಲಂಗ ಮುಗಿಯುವವರೆಗೂ ಕಾಲಿನಲ್ಲೇ ತುಳಿಯಿರಿ, ಮೊಣಕಾಲು ನೋವಿದ್ದರೆ ಮಾತ್ರ ಬರೆಯಿರಿ, ಬೇರೆ ಯೋಚಿಸೋಣ.